ನೀಲಿ ಪರದೆ, ಬತ್ತಿದ ಬ್ಯಾಟರಿ
ಗಾಳಿಮಳೆಗೆ ಮೂರು ದಿನ ಕರೆಂಟಿಲ್ಲದ ತೀರ್ಥಹಳ್ಳಿಯ ಭಾವನ ಮನೆಯಲ್ಲಿ, ಅಡಿಕೆ ಲೆಕ್ಕವನ್ನೆಲ್ಲ ಹೊತ್ತಿರುವ ಹಳೆಯ ಕಂಪ್ಯೂಟರನ್ನು ಮತ್ತೆ ಹಾಕಿದರೆ, ವಿಂಡೋಸ್ 10 ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ (ವಿಂಡೋಸ್ ಇರುವ ಡಿಸ್ಕ್ ಸಿಗುತ್ತಿಲ್ಲ) ಎಂದು ತೋರಿಸಿ ಮರಳಿ ಮರಳಿ ರೀಸ್ಟಾರ್ಟ್ ಆಗುತ್ತಿತ್ತು. ಡಿಸ್ಕ್ ಸತ್ತಿತೆಂದೇ ಭಾವ ತೀರ್ಮಾನಿಸಿದ್ದರು. ಆದರೆ ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲಿ ಡಿಸ್ಕಿನ ಹೆಸರು ಸರಿಯಾಗಿಯೇ ಇತ್ತು. ದಿನಾಂಕ ಮಾತ್ರ 2009ಕ್ಕೆ ಹಿಂದೆ ಸರಿದಿತ್ತು. ಸುಳಿವು ಸಿಕ್ಕಿದ್ದು ಅಲ್ಲಿಯೇ. ಕರೆಂಟಿಲ್ಲದಾಗ ಬಯಾಸ್ ಸೆಟ್ಟಿಂಗ್‌ಗಳನ್ನು ಕಾಯುವ, ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಬತ್ತಿದ್ದರಿಂದ ಸೆಟ್ಟಿಂಗ್‌ಗಳೆಲ್ಲ ಅಳಿಸಿ, ಡಿಸ್ಕಿನೊಡನೆ ವ್ಯವಹರಿಸುವ ಸಾಟಾ ಕಂಟ್ರೋಲರ್, ಎಎಚ್‌ಸಿಐ ಎಂಬ ಹೊಸ ಮೋಡ್ ಬಿಟ್ಟು ಐಡಿಇ ಎಂಬ ಹಳೆಯ ಮೋಡಿಗೆ ಹೋಗಿತ್ತು. ಇನ್‌ಸ್ಟಾಲ್ ಆದಾಗ ಇದ್ದ ಕಂಟ್ರೋಲರಿನ ಡ್ರೈವರನ್ನೇ (ಅದನ್ನು ನಡೆಸುವ ಪುಟ್ಟ ತಂತ್ರಾಂಶವನ್ನೇ) ನೆಚ್ಚಿಕೊಂಡು ವಿಂಡೋಸ್ ಏಳುವುದರಿಂದ, ಮೋಡ್ ಬದಲಾದರೆ ಎದುರಿಗಿರುವ ಡಿಸ್ಕನ್ನೇ ಅದು ಓದಲಾರದು. ಎಎಚ್‌ಸಿಐಗೆ ಮರಳಿಸಿ, ಹೊಸ ಬ್ಯಾಟರಿ ಕೂರಿಸಿದೆ. ಲೆಕ್ಕದ ಕಡತ ಹಾಗೆಯೇ ತೆರೆದುಕೊಂಡಿತು. ಬೇಕೆಂದೇ ಮೋಡ್ ಬದಲಿಸುವವರು, ಮೊದಲೇ ವಿಂಡೋಸಿನಲ್ಲಿ, ಅತ್ಯಗತ್ಯ ಡ್ರೈವರ್‌ಗಳೊಂದಿಗಷ್ಟೇ ಏಳುವ ಸೇಫ್ ಮೋಡ್ ಬೂಟನ್ನು ಆರಿಸಿಟ್ಟು, ಆಮೇಲೆ ಬಯಾಸ್‌ಗೆ ಕೈಹಾಕಿದರೆ, ಹೊಸ ಡ್ರೈವರ್ ಸಾಮಾನ್ಯವಾಗಿ ತಾನಾಗಿಯೇ ಸೇರಿಕೊಳ್ಳುತ್ತದೆ. ಪೇಟೆಯ ಅಂಗಡಿಯವರೊಬ್ಬರು ಫೋನಿನಲ್ಲೇ ‘ಫಾರ್ಮ್ಯಾಟ್ ಮಾಡಬೇಕು’, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಬೇಕು, ಎಂದಿದ್ದರಂತೆ. ನೋಡದೆಯೇ ಕೊಟ್ಟ ಆ ಔಷಧಿಯನ್ನು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.