ಗಲಾಪಗೋಸ್‌ನಲ್ಲಿ ಸೀನುವ ಇಗುವಾನಾ, ನಡುಗುವ ನಾನು

ಬೆಳಿಗ್ಗೆ ತಿಂಡಿ ಮುಗಿಸಿ ಹಡಗಿನಿಂದ ರಬ್ಬರ್ ದೋಣಿಗಿಳಿದು ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಸಮೂಹದ ಫರ್ನಾಂಡಿನಾ ದ್ವೀಪಕ್ಕೆ ಹೋದೆವು. ಕಪ್ಪು ಲಾವಾ ಬಂಡೆ, ಅದರ ಮೇಲೆ ಅದೇ ಬಣ್ಣದ ಕಡಲ ಇಗುವಾನಾಗಳು (ದೊಡ್ಡ ಹಲ್ಲಿಯಂಥ ಪ್ರಾಣಿಗಳು) ಒಂದರ ಮೇಲೊಂದು ಬಿದ್ದುಕೊಂಡಿವೆ, ಕಾಲಿಡೋಕೂ ಭಯ. ಇವು ನೀರಲ್ಲಿ ಮುಳುಗಿ ಪಾಚಿ ತಿಂದು ಬಂದು, ಜಾಸ್ತಿಯಾದ ಉಪ್ಪನ್ನು ಮೂಗಿಂದ ಪುಸಕ್ ಅಂತ ಸೀನಿ ಹೊರಹಾಕುತ್ತವೆ. ಪ್ರಾಣಿಗಳಿಂದ 2 ಮೀಟರ್ ದೂರ ಇರಬೇಕು ಅನ್ನೋ ನಿಯಮ ನಮಗೆ ಮಾತ್ರ. ಕಡಲಸಿಂಹದ ಮರಿಯೊಂದು ತಾನೇ ಬಂದು ನನ್ನ ಶೂ ಮೂಸಿತು!

ಆಮೇಲೆ ಮಾಸ್ಕ್ ಹಾಕಿ ಈಜೋಕೆ ನೀರಿಗಿಳಿದೆವು. ಸಮಭಾಜಕ ರೇಖೆ ಪಕ್ಕದಲ್ಲೇ ಇದ್ದೀವಿ, ನೀರು ಬೆಚ್ಚಗಿರುತ್ತೆ ಅಲ್ವಾ? ಎಲ್ಲಿ ಬಂತು. ಪಶ್ಚಿಮದಿಂದ ಬರುವ ತಣ್ಣನೆಯ ಪ್ರವಾಹ ಇಲ್ಲಿ ಮೇಲೇಳುತ್ತದೆ, ಮೈ ಬೆಚ್ಚಗಿಡುವ ಈಜುಡುಗೆ ವೆಟ್‌ಸೂಟ್ ಹಾಕಿದರೂ ಹಲ್ಲು ಕಟಕಟ. ಕೆಳಗೆ ಹಸಿರು ಆಮೆಯೊಂದು ಪಾಚಿ ಮೇಯುತ್ತಿತ್ತು, ಥೇಟ್ ಹಸು ಹುಲ್ಲು ಕಿತ್ತ ಹಾಗೆ. ಅದನ್ನೇ ನೋಡುತ್ತಾ ಮಾಸ್ಕ್ ಒಳಗೆ ನೀರು ನುಗ್ಗಿದ್ದೂ ಗೊತ್ತಾಗಲಿಲ್ಲ.