ದೋಹಾದಲ್ಲಿ ಆರೋಗ್ಯ ಮಾತೆಯ ಹಬ್ಬ

ಸೆಪ್ಟೆಂಬರ್ 8 ಯೇಸುವಿನ ತಾಯಿ, ಆರೋಗ್ಯ ಮಾತೆಯೆಂದೂ ಕರೆಯುವ ಮಾತೆ ಮರಿಯಮ್ಮನವರ ಜನ್ಮದಿನ. ದಾವಣಗೆರೆಯ ನಮ್ಮ ಮನೆಯಲ್ಲಿ ಅದಕ್ಕೆ ಹರಿಹರದ ಹಬ್ಬವೆಂದೇ ಹೆಸರು. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನ ಎಂಬ ಪ್ರಾರ್ಥನೆ ಮಾಡಿ, ಹಬ್ಬದ ನಸುಕಿನಲ್ಲಿ ಅಮ್ಮ ನನ್ನನ್ನು ಕರೆದುಕೊಂಡು ಸುಮಾರು 14 ಕಿಲೋಮೀಟರ್ ನಡೆದು, ತುಂಗಭದ್ರೆಯ ದಡದ ಆ ಊರಿನ ಆರೋಗ್ಯ ಮಾತೆಯ ದೇವಾಲಯವನ್ನು ಸೇರುತ್ತಿದ್ದರು. ಮೇಣದಬತ್ತಿ ಹಚ್ಚುವಲ್ಲಿ ಹಣೆಗೆ ಕುಂಕುಮವಿಟ್ಟ ತಾಯಂದಿರೂ ನಮ್ಮೊಡನೆ ನಿಂತಿರುತ್ತಿದ್ದರು.

ನಾನೀಗ ಕತಾರಿನ ದೋಹಾದಲ್ಲಿ ನರ್ಸ್. 2008ರಲ್ಲಿ ತೆರೆದ ಇಲ್ಲಿನ ಜಪಮಾಲೆ ಮಾತೆಯ ದೇವಾಲಯದ ಹೊರಗೆ ಶಿಲುಬೆಯಾಗಲಿ ಗಂಟೆಯಾಗಲಿ ಇಲ್ಲ.

ಅಮ್ಮ ತೀರಿಕೊಂಡಾಗ ನನಗೆ ರಜೆ ಸಿಗಲಿಲ್ಲ. ಮಣ್ಣು ಮಾಡಿದ್ದನ್ನು ಮೊಬೈಲಿನಲ್ಲಿ ನೋಡಿದೆ. ಎಲ್ಲವೂ ದೇವರ ಚಿತ್ತ ಎಂದು ಸಮಾಧಾನ ಹೇಳಿದವರು ಒಳ್ಳೆಯ ಮನಸ್ಸಿನವರೇ, ಆದರೂ ಆ ಮಾತು ಕೇಳಿದಾಗಲೆಲ್ಲ ಇನ್ನು ಅಳಬಾರದೆಂದು ಹೇಳಿದಂತಾಗುತ್ತಿತ್ತು. ಯೋಹಾನನ ಶುಭಸಂದೇಶದಲ್ಲಿ, ಯೇಸುವಿನ ಶಿಲುಬೆಯ ಬಳಿ ಅವರ ತಾಯಿ ನಿಂತಿದ್ದರೆಂದು ಇದೆ. ಮಗನನ್ನು ಕೆಳಗಿಳಿಸಿಕೊಳ್ಳುವ ಶಕ್ತಿ ಆಕೆಗಿರಲಿಲ್ಲ, ಆಕೆ ಅಲ್ಲಿ ಒಂದು ಮಾತಾಡಿದರೆಂದೂ ಬರೆದಿಲ್ಲ, ಆದರೆ ಬಿಟ್ಟು ಹೋಗಲಿಲ್ಲ. ರಾತ್ರಿ ಪಾಳಿಯಲ್ಲಿ ನರಳುವ ರೋಗಿಯ ಪಕ್ಕ ಸುಮ್ಮನೆ ಕೂರುವುದನ್ನು, ಅಮ್ಮ ಹೋದ ಮೇಲೆ, ನಾನು ಆ ಸಾಲಿನಿಂದ ಕಲಿತೆ.

ಈ ವರ್ಷ ಹಬ್ಬದ ಸಂಜೆ ಜಗಳೂರು ಕಡೆಯ ಒಬ್ಬ ಹುಡುಗನನ್ನು ಕೋಣೆಗೆ ಕರೆದೆ. ಅವನು ಇಲ್ಲಿ ಡ್ರೈವರ್. ಅವನ ತಾಯಿ ತೀರಿ ಹದಿನೈದು ದಿನವಾಗಿತ್ತು. ಅವನಿಗೂ ಊರಿಗೆ ಹೋಗಲಾಗಿರಲಿಲ್ಲ. ಮಾತೆಯ ಪಟದ ಮುಂದೆ ಬತ್ತಿ ಹಚ್ಚಿ, ಮಂಡಕ್ಕಿ ಒಗ್ಗರಣೆ ಮಾಡಿ ಮುಂದಿಟ್ಟೆ. ಅವನು ತಿನ್ನಲಿಲ್ಲ, ಪಟವನ್ನೇ ನೋಡುತ್ತಿದ್ದ.

"ಅಕ್ಕಾ, ನಮ್ಮವ್ವನೂ ಹರಿಹರಕ್ಕೆ ಹೋಗ್ತಿದ್ಲು. ನನಗೆ ಜ್ವರ ಬಂದಾಗ ಹರಕೆ ಹೊತ್ತಿದ್ಲಂತೆ," ಎಂದ.

ನಾನು ಏನೂ ಹೇಳಲಿಲ್ಲ. ಅವನೇ ಇನ್ನೊಂದು ಮೇಣದಬತ್ತಿ ಕೇಳಿ ಹಚ್ಚಿ, ಅದು ಅರ್ಧ ಕರಗುವವರೆಗೂ ಅತ್ತ. ಆಮೇಲೆ ಅವ್ವ ಒಗ್ಗರಣೆಗೆ ಏನೇನು ಹಾಕುತ್ತಿದ್ದಳೆಂದು ಹೇಳುತ್ತಾ, ಆಗಲೇ ಮೆತ್ತಗಾಗಿದ್ದ ಮಂಡಕ್ಕಿಯನ್ನು ಪೂರ್ತಿ ತಿಂದ.