ಬ್ಯಾಟರಿ ಸರಿಯಾಗಿಯೇ ಇತ್ತು

ಜುಲೈ ತಿಂಗಳ ಮಳೆ. ಮಂಗಳೂರಿನಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಉಡುಪಿಗೆ ಬರುತ್ತಿದ್ದೆ. ಮುಲ್ಕಿ ದಾಟುವಾಗ ಹೆಡ್‌ಲೈಟ್ ಮಂಕಾಯಿತು. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಸರಿಯಾಗಿ ಮೀಟರಿನ ಬೆಳಕೂ ಏರಿಳಿಯುತ್ತಿತ್ತು. ಹೆದ್ದಾರಿ 66ರಲ್ಲಿ ಹಿಂದಿನಿಂದ ಲಾರಿ ಬರುತ್ತಿರುವಾಗ ಬೆಳಕಿಲ್ಲದ ಬೈಕಿನಲ್ಲಿ ಹೋಗುವುದು ನಿಜಕ್ಕೂ ಹೆದರಿಕೆಯ ವಿಷಯ. ಪಡುಬಿದ್ರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಹೊರಡುವಾಗ ಸೆಲ್ಫ್ ಒತ್ತಿದರೆ ಬರೀ ಟಿಕ್ ಟಿಕ್. ಹೋಟೆಲಿನ ಹುಡುಗರು ತಳ್ಳಿ ಸ್ಟಾರ್ಟ್ ಮಾಡಿಸಿದರು.

ಮರುದಿನ ಮೆಕ್ಯಾನಿಕ್ ಹತ್ತಿರ ಹೋದರೆ, "ಬ್ಯಾಟರಿ ಹೋಗಿದೆ ಮಾರಾಯ್ರೆ, ಹೊಸದು ಹಾಕುವ" ಎಂದರು. ಬ್ಯಾಟರಿಗೆ ಒಂದು ವರ್ಷವೂ ಆಗಿರಲಿಲ್ಲ. ಅಳೆದು ನೋಡದೆ ದುಡ್ಡು ಹಾಕಲು ನನಗೆ ಮನಸ್ಸಾಗಲಿಲ್ಲ. ಬ್ಯಾಟರಿ ಕರೆಂಟನ್ನು ಇಟ್ಟುಕೊಳ್ಳುತ್ತದೆ, ಅಷ್ಟೆ. ತುಂಬಿಸುವ ಕೆಲಸ ಬೇರೆಯವರದು. ತುಂಬಿಸುವವರೇ ಕೈ ಕೊಟ್ಟಿದ್ದರೆ ಹೊಸ ಬ್ಯಾಟರಿಯೂ ಕೆಲವೇ ದಿನದಲ್ಲಿ ಮಲಗುತ್ತದೆ, ಅಲ್ವಾ?

ಭಾನುವಾರ ಮನೆಯ ಶೆಡ್ಡಿನಲ್ಲಿ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತೆ. ಭಾವ ಜೊತೆಗಿದ್ದರು. ಹಿಂದಿನ ರಾತ್ರಿಯೇ ಬ್ಯಾಟರಿಯನ್ನು ಹೊರಗಿನ ಚಾರ್ಜರಿಗೆ ಹಾಕಿ, ಬೆಳಿಗ್ಗೆ ಬಿಚ್ಚಿಟ್ಟಿದ್ದೆ. ಕೆಲವು ಗಂಟೆ ಬಿಟ್ಟು ನೋಡಿದರೂ 12.7 ವೋಲ್ಟ್ ಇತ್ತು. ಸೆಲ್ಫ್ ಒತ್ತಿದಾಗಲೂ 10.5ಕ್ಕಿಂತ ಕೆಳಗೆ ಇಳಿಯಲಿಲ್ಲ. ಅಂದರೆ ಬ್ಯಾಟರಿ ಚೆನ್ನಾಗಿಯೇ ಇದೆ.

"ಭಾವ, ಸ್ವಲ್ಪ ರೇಸ್ ಕೊಡಿ" ಅಂದೆ. ಇಂಜಿನ್ 4,000 ಆರ್‌ಪಿಎಂನಲ್ಲಿ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟಿನ ಆಸುಪಾಸು ಬರಬೇಕು. ಬಂದದ್ದು 12.5. ಅದೂ ನಿಧಾನಕ್ಕೆ ಇಳಿಯುತ್ತಿತ್ತು. ಚಾರ್ಜೇ ಆಗುತ್ತಿಲ್ಲ!

ಕರೆಂಟ್ ಹುಟ್ಟುವುದು ಇಂಜಿನ್ ಬದಿಯಲ್ಲಿರುವ ಸ್ಟೇಟರ್ ಕಾಯಿಲ್‌ನಲ್ಲಿ. ನನ್ನ ಬೈಕಿನಲ್ಲಿ ಅಲ್ಲಿಂದ ಮೂರು ಹಳದಿ ವಯರ್ ಬರುತ್ತವೆ. ಕನೆಕ್ಟರ್ ಬಿಚ್ಚಿ, ಮೀಟರನ್ನು ಎಸಿಗೆ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿಗೆ) ತಿರುಗಿಸಿ, ಎರಡೆರಡು ವಯರ್‌ಗಳ ನಡುವೆ ನೋಡಿದೆ. ಇಲ್ಲಿ ಅಂಕಿಗಿಂತ ಮುಖ್ಯ, ಮೂರು ಜೋಡಿಯಲ್ಲೂ ಒಂದೇ ಸಮ ಬರುವುದು. ಒಂದು ಕಡಿಮೆಯಾದರೆ ಕಾಯಿಲ್ ಸುಟ್ಟಿರುತ್ತದೆ. ನನ್ನದರಲ್ಲಿ ರೇಸ್ ಕೊಟ್ಟ ಹಾಗೆ ಮೂರೂ ಸಮನಾಗಿ ಏರಿದವು. ಇಂಜಿನ್ ನಿಲ್ಲಿಸಿ, ಹಳದಿ ವಯರ್‌ಗೂ ಬಾಡಿಗೂ ಸಂಪರ್ಕ ಇಲ್ಲ ಎಂದೂ ಖಚಿತ ಮಾಡಿಕೊಂಡೆ. ಸ್ಟೇಟರ್ ಪಾಸ್.

"ಹಾಗಾದ್ರೆ ರೆಗ್ಯುಲೇಟರೇ ಹೋಗಿರ್ಬೇಕು" ಎಂದರು ಭಾವ. ಸ್ಟೇಟರಿನ ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡಿ, ವೋಲ್ಟನ್ನು ಮಿತಿಯಲ್ಲಿ ಇಡುವ ಡಬ್ಬಿ ಅದು. ಬೆನ್ನ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳಿರುತ್ತವೆ. ಎಲ್ಲ ಜೋಡಿಸಿ, ಅದರ ಬಾಯಲ್ಲೇ, ಕೆಂಪು ಮತ್ತು ಕಪ್ಪು ವಯರ್ ಹೊರಬರುವ ಜಾಗದಲ್ಲಿ ಅಳೆದೆ. 14.2! ರೆಗ್ಯುಲೇಟರ್ ಕೊಡುತ್ತಿದೆ, ಬ್ಯಾಟರಿಗೆ ಮುಟ್ಟುತ್ತಿಲ್ಲ. ನಡುದಾರಿಯಲ್ಲಿ 1.7 ವೋಲ್ಟ್ ಕಾಣೆ.

ಇಂಜಿನ್ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ರೆಗ್ಯುಲೇಟರಿನ ಕೆಂಪು ವಯರಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ ಇಟ್ಟೆ. 1.5 ವೋಲ್ಟ್ ಅಲ್ಲೇ ಸಿಕ್ಕಿತು. ಉಳಿದ 0.2 ಅರ್ಥ್ ಕಡೆ, ಅಂದರೆ ಮೈನಸ್ ದಾರಿಯಲ್ಲಿ. ವಯರಿನ ಜಾಡು ಹಿಡಿದು ಹೋದರೆ ಹೆಡ್‌ಲೈಟಿನ ಹಿಂದೆ ಒಂದು ಕನೆಕ್ಟರ್. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಒಳಗಿನ ಪಿನ್ನಿನಲ್ಲಿ ಹಸಿರು ಕಿಲುಬು.

ನಮ್ಮ ಕರಾವಳಿಯಲ್ಲಿ ಇದು ಆಗದಿದ್ದರೇ ಆಶ್ಚರ್ಯ. ಗಾಳಿಯಲ್ಲೇ ಉಪ್ಪು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ ಆರುವುದಿಲ್ಲ. ಸಾಲದ್ದಕ್ಕೆ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಹಿಂದೆ ಬರುವ ಬೈಕಿನ ಮೂತಿಗೇ ಎರಚುತ್ತದೆ. ಕಿಲುಬು ಬಂದ ಪಿನ್ ಕರೆಂಟನ್ನು ತಡೆಯುತ್ತದೆ, ತಡೆದಲ್ಲಿ ಬಿಸಿ ಹುಟ್ಟುತ್ತದೆ. 1.5 ವೋಲ್ಟ್ ಬೀಳುವ ಕಡೆ 6 ಆಂಪಿಯರ್ ಹರಿದರೆ 9 ವ್ಯಾಟ್ ಬಿಸಿ, ಒಂದು ಸಣ್ಣ ಪಿನ್ನಿನಲ್ಲಿ! ಬಿಸಿಗೆ ಪಿನ್ ಸಡಿಲವಾಗುತ್ತದೆ, ಸಡಿಲವಾದರೆ ಬಿಸಿ ಇನ್ನೂ ಜಾಸ್ತಿ. ರೆಗ್ಯುಲೇಟರಿಗೆ ಇದು ಗೊತ್ತೇ ಆಗುವುದಿಲ್ಲ. ಅದು ತನ್ನ ಬಾಯಲ್ಲಿರುವ 14.2 ನೋಡಿ ಸಾಕು ಅಂದುಕೊಳ್ಳುತ್ತದೆ. 2017ರ ಏಪ್ರಿಲ್‌ನಿಂದ ತಯಾರಾದ ಬೈಕುಗಳಲ್ಲಿ ಹಗಲೂ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. ಹಾಗಾಗಿ ಬ್ಯಾಟರಿಗೆ ಪುರುಸೊತ್ತೂ ಇಲ್ಲ.

ರಿಪೇರಿಗೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿದೆ. ಸುಟ್ಟ ಕನೆಕ್ಟರ್ ಕತ್ತರಿಸಿದೆ. ತಾಮ್ರ ಕಪ್ಪಾದಷ್ಟು ವಯರನ್ನೂ ತೆಗೆದು, ಫಳಫಳ ಹೊಳೆಯುವ ತಾಮ್ರ ಸಿಕ್ಕಿದ ಮೇಲೆ ಹೊಸ ಟರ್ಮಿನಲ್ ಒತ್ತಿ, ನೀರು ನುಗ್ಗದ ಕನೆಕ್ಟರ್ ಹಾಕಿದೆ. ಬರೀ ಟೇಪ್ ಸುತ್ತಿ ಬಿಡುವುದು ನಮ್ಮ ಮಳೆಗೆ ಸಾಲುವುದಿಲ್ಲ. ಅರ್ಥ್ ಬೋಲ್ಟ್ ಬಿಚ್ಚಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ.

ಮತ್ತೆ ರೇಸ್. ಬ್ಯಾಟರಿಯಲ್ಲಿ 14.1. ಹೆಡ್‌ಲೈಟ್ ಹೈಬೀಮ್‌ಗೆ ಹಾಕಿದರೂ ಇಳಿಯಲಿಲ್ಲ. ಎಷ್ಟು ಖುಷಿಯಾಯಿತೆಂದರೆ, ಭಾವನ ಕೈ ಹಿಡಿದು ಕುಲುಕಿಬಿಟ್ಟೆ.

"ನನ್ನ ಸ್ಕೂಟರೂ ಒಮ್ಮೆ ನೋಡು ಮಾರಾಯ, ಬಲ್ಬ್ ಪದೇ ಪದೇ ಹೋಗ್ತದೆ" ಎಂದರು ಅವರು. ಅದನ್ನು ಸ್ಟಾರ್ಟ್ ಮಾಡಿ ಅಳೆದರೆ 15.8. ಇದು ಉಲ್ಟಾ ಕಾಯಿಲೆ. ರೆಗ್ಯುಲೇಟರ್ ತಡೆಯುತ್ತಿಲ್ಲ, ಜಾಸ್ತಿ ವೋಲ್ಟಿಗೆ ಬಲ್ಬ್ ಸುಡುತ್ತಿದೆ, ಬಿಟ್ಟರೆ ಬ್ಯಾಟರಿಯೂ ಉಬ್ಬುತ್ತದೆ. ಅರ್ಥ್ ಎಲ್ಲ ಸರಿ ಇದೆ ಎಂದು ನೋಡಿಕೊಂಡು, ಸೋಮವಾರ ಅವರಿಗೆ ಹೊಸ ರೆಗ್ಯುಲೇಟರ್ ತರಿಸಿದೆವು.